ಲೆಕ್ಕದ ರೊಟ್ಟಿ

ಆಗಸ್ಟ್ 4, ಸೋಮವಾರ

ಎಂದಿನಂತೆ ಐದನೆಯ ತರಗತಿಯವರೂ ಆರನೆಯವರೂ ಒಂದೇ ಕೋಣೆಯಲ್ಲಿ, ಬೆನ್ನಿಗೆ ಬೆನ್ನು. ಆ ಗೋಡೆಗೆ ನನ್ನ ಕನ್ನಡ, ಈ ಗೋಡೆಗೆ ಮಧುಮತಿಯ ಗಣಿತ. ಭಿನ್ನರಾಶಿ ಹೇಳಲು ತನ್ನ ಬುತ್ತಿಯ ರೊಟ್ಟಿ ಮುರಿಯುತ್ತಾಳೆ. ನನ್ನ ಮಕ್ಕಳೆಲ್ಲ ಪದ್ಯ ಬಿಟ್ಟು ಆ ಕಡೆ ತಿರುಗಿಬಿಟ್ಟರು. ನಾನು ಹೆಡ್‌ಮೇಡಂ ಎಂಬ ಭಯವೇ ಇಲ್ಲ. ಸ್ವಲ್ಪ ಹೊಟ್ಟೆಕಿಚ್ಚು... ಹೆಮ್ಮೆಯೇ ಜಾಸ್ತಿ.

ಗಣಿತದ ಕಾಯಂ ಹುದ್ದೆ ಖಾಲಿ ಬಿದ್ದು ಎಂಟು ವರ್ಷ. ಅತಿಥಿ ಶಿಕ್ಷಕಿಯಾಗಿ ಶಾಲೆಯ ಮಾನ ಉಳಿಸಿದವಳು ಇವಳು. ಈಗ ಪರೀಕ್ಷೆ ಪಾಸಾಗಿ ಸೆಲೆಕ್ಷನ್ ಲಿಸ್ಟ್ ಸೇರಿದ್ದಾಳೆ! ಆದರೆ ರ‍್ಯಾಂಕ್ ಕೆಳಗೆ. ಹದಿನೆಂಟಕ್ಕೆ ಕಲಬುರಗಿಯಲ್ಲಿ ಕೌನ್ಸೆಲಿಂಗ್. ಮೇಲಿನವರು ಮೊದಲು ಊರು ಆರಿಸುತ್ತಾರೆ. ಅವರು ಬಿಟ್ಟರೆ ಮಾತ್ರ ನಮ್ಮೂರು ಇವಳಿಗೆ.

ಆಗಸ್ಟ್ 5

ದೀಪ ಹಚ್ಚುವಾಗ ಬೇಡಿಕೊಂಡೆ — ಯಾರೂ ಈ ಊರಿಗೆ ಬರದಿರಲಿ. ಎಂಟು ವರ್ಷ 'ಯಾರನ್ನಾದರೂ ಕಳಿಸಪ್ಪಾ' ಎಂದು ಗೋಗರೆದವಳೂ ನಾನೇ. ದೇವರಿಗೂ ತಲೆ ಕೆಟ್ಟಿರಬೇಕು.

ಆಗಸ್ಟ್ 9, ಶನಿವಾರ

ಗ್ರಹಚಾರ. ಜೇವರ್ಗಿಯಿಂದ ಒಬ್ಬರು ಸ್ಕೂಟಿಯಲ್ಲಿ ಶಾಲೆ ನೋಡಲು ಬಂದರು. ವಿಜಯಶ್ರೀ. ಗಣಿತ. ರ‍್ಯಾಂಕ್ ಬಹಳ ಮೇಲೆ.

ಅಡುಗೆಯ ಸಕ್ಕುಬಾಯಿ ನನ್ನನ್ನು ಪಕ್ಕಕ್ಕೆ ಎಳೆದಳು. "ದಿನಾ ಹಾವು ಬರ್ತಾವ ಅಂತ ಹೇಳ್ರಿ ಮೇಡಮ್ಮರ. ಹೋದ ವರ್ಷ ಒಂದ್ ಬಂದಿತ್ತಲ್ರಿ, ಪೂರಾ ಸುಳ್ಳೇನಲ್ಲ."

ಹೇಳಿಯೇ ಬಿಡೋಣ ಎಂದುಕೊಂಡು ಒಳಗೆ ಹೋದೆ. ಆಕೆ ಬೋರ್ಡಿನ ಲೆಕ್ಕ ನೋಡುತ್ತ ನಿಂತಿದ್ದರು.

"ಎಷ್ಟ್ ಚಂದ ಕಲಿಸ್ಯಾರ‍್ರಿ! ಸಾಲಿ ಹ್ಯಾಂಗದ ಮೇಡಂ? ಖರೇ ಹೇಳ್ರಿ."

ಖರೇ ಹೇಳಿ ಎಂದಮೇಲೆ ಹಾವಿನ ಸುಳ್ಳಿಗೆ ನಾಲಿಗೆ ಹೊರಳಲಿಲ್ಲ. "ನೆಲೋಗಿಯಿಂದ ದಿನಕ್ಕ ಎರಡೇ ಬಸ್ಸು. ಬಾಡಿಗಿ ಮನಿ ಸಿಗೂದಿಲ್ಲ. ಆದ್ರ ಹುಡುಗ್ರು ಬಂಗಾರದಂಥವ್ರು ಅದಾರ‍್ರಿ."

ಚಹಾದ ಲೋಟ ಕುಕ್ಕಿ ಹೋದಳು ಸಕ್ಕುಬಾಯಿ. ಮಧುಮತಿ ಮಾತ್ರ ನಕ್ಕಳು. "ಛಲೋ ಮಾಡಿದ್ರಿ. ನಿಮಗ ಸುಳ್ಳು ಹೇಳಾಕ ಬರೂದಿಲ್ರಿ ಮೇಡಂ."

ಆಗಸ್ಟ್ 18, ಮಧ್ಯಾಹ್ನ

ಕಲಬುರಗಿಯಿಂದ ಮಧುಮತಿಯ ಫೋನ್ ಬಂತು. "ನಮ್ಮೂರು ಹೋತ್ರಿ ಮೇಡಂ. ವಿಜಯಶ್ರೀ ಮೇಡಂ ತಗೊಂಡ್ರು... ಅಳಬ್ಯಾಡ್ರಿ. ನಾ ಕರಜಗಿ ಕಡೆ ಒಂದು ಊರು ತಗೊಂಡೇನಿ. ಕಾಯಂ ನೌಕರಿ ಆತಲ್ರಿ!"

ಸಮಾಧಾನ ಹೇಳಬೇಕಾದವಳು ನಾನು. ಹೇಳಿದವಳು ಅವಳು. ಅಕ್ಕಿ ಕೋಣೆಗೆ ಹೋಗಿ ಚೆನ್ನಾಗಿ ಅತ್ತೆ.

ಸೆಪ್ಟೆಂಬರ್ 1

ವಿಜಯಶ್ರೀ ಇಂದಿನಿಂದ. ಮಕ್ಕಳ ಮುಖ ಬಾಡಿತ್ತು. ನನ್ನದೂ.

ಊಟದ ಹೊತ್ತಿಗೆ ಮಧುಮತಿಯ ಫೋನ್. "ಲೆಕ್ಕದ ಟೀಚರ್ ಖರೇನ ಬಂದಾರೇನಂತ ಇಲ್ಲಿ ಹುಡುಗ್ರು ಕಿಡಕ್ಯಾಗ ನಿಂತು ನೋಡಾಕತ್ತಾರ‍್ರಿ!" ಎಂಥ ನಗು ಅವಳದು. ಎದೆ ಹಗುರಾಯಿತು. ಒಂದು ಊರಿಗೆ ಲೆಕ್ಕದ ಟೀಚರ್ ಬೇಡಿದ್ದೆ, ಎರಡು ಊರಿಗೆ ಸಿಕ್ಕಿತು.

ಕೊನೆಯ ಪಿರಿಯಡ್. ಪದ್ಯ ಓದುತ್ತಿದ್ದೆ. ತಲೆ ಎತ್ತಿದರೆ ಎಲ್ಲರ ಬೆನ್ನೂ ನನ್ನ ಕಡೆಗೆ! ವಿಜಯಶ್ರೀ ಕೈಯಲ್ಲಿ ಜೋಳದ ರೊಟ್ಟಿ. ಬಾಗಿಲಲ್ಲಿ ಸಕ್ಕುಬಾಯಿ, ಸೆರಗಿನಲ್ಲಿ ನಗು ಮುಚ್ಚಿಕೊಂಡು. ಹಾವಿನ ಕಥೆ ಹೇಳಿಕೊಟ್ಟವಳೇ ತನ್ನ ಬುತ್ತಿ ಬಿಚ್ಚಿ ಕೊಟ್ಟಿದ್ದಾಳೆ. ರೊಟ್ಟಿ ಎರಡಾಯಿತು, ನಾಲ್ಕಾಯಿತು. ಪುಸ್ತಕ ಮುಚ್ಚಿ ನಾನೂ ಮಕ್ಕಳ ನಡುವೆ ಕೂತೆ. ಮಧುಮತಿಗೆ ಈಗಲೇ ಹೇಳಬೇಕು — ನಿನ್ನ ರೊಟ್ಟಿ ಇಲ್ಲಿ ಇನ್ನೂ ಮುಗಿದಿಲ್ಲ.