ಕಾಗದದ ಮೇಲಿಟ್ಟ ಕೀಲಿಕೈ

ಅಪ್ಪಾ,

ಇವತ್ತು ನಾನು ಪಾಠ ಮಾಡುವ ಭಾಷಾಂತರ ತರಗತಿಯಲ್ಲಿ ಚರ್ಚೆ ಇತ್ತು: ಎಪ್ಪತ್ತು ದಾಟಿದವರು ಕಾರು ಓಡಿಸಬೇಕೇ? ಒಂದೇ ವಾದವನ್ನು ಇಂಗ್ಲಿಷಿನಲ್ಲೂ ಪೋರ್ಚುಗೀಸಿನಲ್ಲೂ ಮಂಡಿಸಬೇಕು. ಆಧಾರವಿಲ್ಲದ ಮಾತಿಗೆ ಅಂಕವಿಲ್ಲ. ನಿಯಮ ನನ್ನದೇ.

ಮೊದಲನೆಯವಳು ಅಪಘಾತದ ಅಂಕಿಅಂಶ, ಕಣ್ಣಿನ ವೈದ್ಯರ ವರದಿ ಎಲ್ಲವನ್ನೂ ಎರಡು ಭಾಷೆಯಲ್ಲೂ ಅರೆದು ಕುಡಿದು ಬಂದಿದ್ದಳು. ಎದುರಾಳಿ ಹುಡುಗಿ ಇಂಗ್ಲಿಷಿನಲ್ಲಿ ಹೇಗೋ ತಡವರಿಸಿ ಮುಗಿಸಿದಳು. ಪೋರ್ಚುಗೀಸಿನ ಸರದಿ ಬಂದಾಗ ಹಾಳೆ ಮಡಚಿಟ್ಟು, "ಕಾರು ಬಿಟ್ಟ ಮೇಲೆ ನಮ್ಮ ತಾತ ಮನೆಯಿಂದ ಹೊರಗೇ ಬರಲ್ಲ," ಎಂದಳು.

"ಆಧಾರ?" ಎಂದೆ.

ಅವಳು ನನ್ನನ್ನೇ ದಿಟ್ಟಿಸಿದಳು. "ನೀವೇ ಬಂದು ನೋಡಿ, ಮೇಡಂ."

ನಾನು ಸೊನ್ನೆ ಹಾಕಿದೆ.

ನಿಮ್ಮ ಕಾರಿನ ಜಜ್ಜಿದ ಬಂಪರಿನ ಮೂರು ಫೋಟೊ, ವೈದ್ಯರ ಚೀಟಿ ಎಲ್ಲವನ್ನೂ ನಿಮ್ಮ ಮುಂದೆ ಹರಡಿ, ಇನ್ನು ಓಡಿಸಬೇಡಿ ಎಂದು ನಾನು ಹೇಳಿದ ದಿನ ನೀವು ವಾದಿಸಲೇ ಇಲ್ಲ. "ಅಂಗೈ ಹುಣ್ಣಿಗೆ ಕನ್ನಡಿ ಯಾಕಮ್ಮ," ಎಂದು ಕೀಲಿಕೈಯನ್ನು ಆ ಕಾಗದಗಳ ಮೇಲಿಟ್ಟಿರಿ. ಗೆದ್ದೆ ಅಂದುಕೊಂಡು ಅದನ್ನು ಚೀಲಕ್ಕೆ ಹಾಕಿಕೊಂಡೆ.

ದಿನಾ ಸಂಜೆ ನಾಲ್ಕಕ್ಕೆ ಕಾರು ತೆಗೆದು ಎಲ್ಲಿಗೆ ಹೋಗುತ್ತಿದ್ದಿರಿ? ಆಮೇಲೆ ನೀವು ಬದುಕಿದ್ದ ಎರಡು ವರ್ಷದಲ್ಲಿ ಅದೊಂದನ್ನು ನಾನು ಕೇಳಲಿಲ್ಲ.