ನಿನ್ನ ಬದಲು ಉಸಿರು ಹಿಡಿದವನು

ಅಣ್ಣಾ,

ಪ್ರೀತಿಯ ಅಣ್ಣ ಎಂದು ಬರೆಯಲು ಕೈ ಬರುತ್ತಿಲ್ಲ. ನೀನು ಹೋಗಿ ಎರಡು ವರ್ಷವಾಯಿತು, ನಿನ್ನ ಮೇಲಿನ ಸಿಟ್ಟು ಗುಲಗಂಜಿಯಷ್ಟೂ ಇಳಿದಿಲ್ಲ. ದೋಹಾದ ಅದೇ ರೂಮಿನಲ್ಲಿ, ನೀನು ಮಲಗುತ್ತಿದ್ದ ಮಂಚದ ಮೇಲೆ ಕೂತು ಬರೆಯುತ್ತಿದ್ದೇನೆ. ಹೋದ ತಿಂಗಳು ನಿನ್ನ ಊರಿಗೆ ಹೋಗಿ ಬಂದೆ. ಮಲ್ಪೆಗಲ್ಲ. ನೀನು ಬಾಯಿ ಬಿಟ್ಟರೆ ಹೊಗಳುತ್ತಿದ್ದೆಯಲ್ಲ, ಜಮೈಕಾದ ಆ ಪೋರ್ಟ್ ಆಂಟೋನಿಯೋಗೆ. ನಿನ್ನನ್ನು ಹೂತಿಟ್ಟ ಊರಿಗೆ.

ಶುಕ್ರವಾರಗಳಲ್ಲಿ ಅಲ್ ವಕ್ರಾದ ಕಡಲ ಬದಿಯಲ್ಲಿ ಕೂತಾಗಲೆಲ್ಲ ನಿನ್ನದು ಅದೇ ಪುರಾಣ. ಹಿಂದೆ ಬಾಳೆಕಾಯಿ ತುಂಬುವ ಹಡಗಿನಲ್ಲಿದ್ದಾಗ ಒಮ್ಮೆ ಅಲ್ಲಿ ನಾಲ್ಕು ದಿನ ಇಳಿದಿದ್ದೆಯಂತೆ. "ಇಲ್ಲಿ ಎಂತ ಉಂಟು ಮಾರಾಯ? ಧೂಳು, ಕ್ರೇನಿನ ಗ್ರೀಸು. ಅಲ್ಲಿ ಗುಡ್ಡ ಸೀದಾ ಕಡಲಿಗೆ ಇಳೀತದೆ. ಜೀಗುಜ್ಜೆ ಮರ ಕಂಡರೆ ನಮ್ಮ ಹಿತ್ತಿಲೇ ಅನಿಸ್ತದೆ" ಎನ್ನುತ್ತಿದ್ದೆ. ಹೇಳಿ ಮುಗಿಸುವಷ್ಟರಲ್ಲಿ ಕೆಮ್ಮು. ಕೇಳಿದರೆ "ಎಸಿ ಗಾಳಿ" ಎಂಬ ಉತ್ತರ. ನಾನೂ ನಂಬಿದೆ. ನಂಬಿದೆನೋ, ನಂಬಿದ ಹಾಗೆ ಮಾಡಿದೆನೋ...

ಮತ್ತೆ ಹಡಗಿನ ಕೆಲಸ ಸಿಕ್ಕಿತೆಂದು ಕುಣಿಯುತ್ತಾ ಬಂದ ದಿನ ನೆನಪಿದೆಯಾ? ನಮಗೆ ವೀಸಾ ಕೊಟ್ಟ ಧಣಿ, ಆ ಕಫೀಲ ಕೂಡ ತಕರಾರಿಲ್ಲದೆ ನಿನ್ನ ಪಾಸ್‌ಪೋರ್ಟ್ ಹಿಂದೆ ಕೊಟ್ಟಿದ್ದ. ಉಳಿದದ್ದು ಮೆಡಿಕಲ್ ಒಂದೇ. ಎಕ್ಸ್‌ರೇಯಲ್ಲಿ ಎದೆಯ ಮೇಲೆ ಕಲೆ ಕಂಡರೆ ಹಡಗೂ ಇಲ್ಲ, ದೋಹಾವೂ ಇಲ್ಲ, ಸೀದಾ ಊರಿಗೆ. ಇದು ಗಲ್ಫಿನಲ್ಲಿ ಯಾರಿಗೆ ಗೊತ್ತಿಲ್ಲ? ಆ ದಿನ ಬಂಗುಡೆ ಮೀನಿನ ದೊಡ್ಡ ತುಂಡನ್ನು ನನ್ನ ತಟ್ಟೆಗೆ ಹಾಕಿದೆ. "ತಮ್ಮಾ, ಎಕ್ಸ್‌ರೇಗೆ ನೀನೊಮ್ಮೆ ನಿಂತುಬಿಡು. ನಮ್ಮಿಬ್ಬರ ಮುಖ ಒಂದೇ ಅಚ್ಚು. ಉಸಿರು ಹಿಡಿದು ನಿಂತರೆ ಆಯಿತು, ಒಂದು ನಿಮಿಷದ ಕೆಲಸ."

"ಸಿಕ್ಕಿಬಿದ್ದರೆ?" ಎಂದೆ.

"ಅಲ್ಲಿ ಮುಖ ಯಾರು ನೋಡ್ತಾರೆ ಮಾರಾಯ?"

ನಿಜಕ್ಕೂ ಯಾರೂ ನೋಡಲಿಲ್ಲ. ಸಾಲಿನಲ್ಲಿ ನಿನ್ನ ಹೆಸರು ಕೂಗಿದರು, ನಾನು ಎದ್ದು ಹೋದೆ. "ಯಲ್ಲಾ, ಷರ್ಟ್ ಉತಾರೋ, ಸಾಂಸ್ ರೋಕೋ... ಖಲಾಸ್!" ಅಂಗಿ ಬಿಚ್ಚಿದೆ, ಉಸಿರು ಹಿಡಿದೆ, ಮುಗಿಯಿತು. ಅಷ್ಟೇ. ಹೊರಗೆ ಬಂದಾಗ ನೀನು ನನ್ನ ಬೆನ್ನಿಗೆ ಗುದ್ದಿ ನಕ್ಕೆ. ನಾನೂ ನಕ್ಕೆ. ಎರಡು ಕತ್ತೆಗಳು.

ಹಡಗಿನವರ ತಂತಿ ಬಂದಾಗ ಅದರಲ್ಲಿ ಇದ್ದದ್ದು ಎರಡೇ ಸಾಲು. ಅನಾರೋಗ್ಯದಿಂದ ತೀರಿಕೊಂಡರು, ಬಂದರಿನಲ್ಲೇ ಅಂತ್ಯಕ್ರಿಯೆ ಆಯಿತು. ಅಮ್ಮನಿಗೆ ಹೃದಯ ನಿಂತಿತು ಎಂದು ಹೇಳಿದೆ. ಆಕೆ ನಂಬಬೇಕಲ್ಲ! ಪ್ರತಿ ಫೋನಿನಲ್ಲೂ ಒಂದೇ ಮಾತು: "ಮಗಾ, ಅವನಿಗೆ ಸರಿಯಾಗಿ ಎಂತ ಆಗಿತ್ತು?" ಕಡೆಗೆ ಎರಡು ವರ್ಷಕ್ಕೊಮ್ಮೆ ಸಿಗುವ ರಜೆಯನ್ನು ನಿನಗೆ ಸುರಿದೆ. ಊರಿಗೆ ಬರುವುದಿಲ್ಲ ಎಂದಾಗ ನನ್ನ ಹೆಂಡತಿ ಫೋನ್ ಕುಕ್ಕಿದಳು. ನಾನು ಹೊರಟದ್ದು ನಿನ್ನ ಸಮಾಧಿ ನೋಡುವ ಆಸೆಯಿಂದಲ್ಲ. ನೀನು ಬೇರೆ ಯಾವುದರಿಂದಲೋ ಸತ್ತೆ ಎಂದು ಯಾರಾದರೂ ಹೇಳಲಿ ಎಂದು. ಕಾಲು ಜಾರಿತ್ತು, ಹಾವು ಕಚ್ಚಿತ್ತು, ಏನಾದರೂ.

ಬಸ್ಸಿಳಿದು ನೋಡಿದರೆ, ನೀನು ಒಂದು ಸುಳ್ಳನ್ನೂ ಹೇಳಿರಲಿಲ್ಲ. ಹಿಂದೆ ಗುಡ್ಡದ ಮೇಲೆ ಗುಡ್ಡ, ಎಲ್ಲೂ ಬರಿ ಮಣ್ಣು ಕಾಣದಷ್ಟು ಹಸಿರು. ಎರಡು ಬಂದರು, ನಡುವೆ ನಾಲಿಗೆಯಂತೆ ಚಾಚಿದ ನೆಲ, ಅದರ ತುದಿಯಲ್ಲಿ ಹಳೆಯ ಕೋಟೆ. ತುಕ್ಕು ಹಿಡಿದ ಫಿರಂಗಿಗಳ ಪಕ್ಕದಲ್ಲೇ ಶಾಲೆಯ ಮಕ್ಕಳು ಓಡಾಡುತ್ತಿದ್ದರು. ಮರದ ಜಗಲಿಯ ಹಳೆಯ ಮನೆಗಳು. ಮಾರ್ಕೆಟಿನಲ್ಲಿ ಪುಟ್ಟ ಹಲಸಿನಂಥ ಇಡೀ ಜೀಗುಜ್ಜೆಯನ್ನು ಕೆಂಡದ ಮೇಲೆ ಸುಡುತ್ತಿದ್ದರು, ಮೂಗಿಗೆ ಬಡಿಯುವ ಪರಿಮಳ. ಮೈ ಉರಿದುಹೋಯಿತು. ಇಷ್ಟು ಚೆಂದ ಇರಬೇಕಾಗಿತ್ತಾ ಈ ಹಾಳು ಊರು? ಸ್ವಲ್ಪ ಕಡಿಮೆ ಚೆಂದ ಇದ್ದಿದ್ದರೆ ನೀನು ದೋಹಾದಲ್ಲೇ ಗ್ರೀಸು ಹಚ್ಚಿಕೊಂಡು ಬದುಕಿರುತ್ತಿದ್ದೆ.

ಗುಡ್ಡದ ಮೇಲಿನ ಆಸ್ಪತ್ರೆಯಲ್ಲಿ ನಿನ್ನನ್ನು ನೋಡಿಕೊಂಡಿದ್ದ ವಯಸ್ಸಾದ ನರ್ಸ್ ಸಿಕ್ಕಿದರು. ನಿನ್ನ ಫೈಲು ಹುಡುಕಿ ತಂದು ನನ್ನ ಮುಂದೆ ಬಿಡಿಸಿದರು. ಕ್ಷಯ. ಎರಡೂ ಶ್ವಾಸಕೋಶ ಹೋಗಿತ್ತಂತೆ. "ಇದು ಒಂದೆರಡು ತಿಂಗಳ ಕಾಯಿಲೆಯಲ್ಲ. ಹಡಗು ಹತ್ತುವಾಗಲೇ ಇತ್ತು. ಆಗಲೇ ಮಾತ್ರೆ ಶುರು ಮಾಡಿದ್ದರೆ ಗುಣವಾಗುತ್ತಿತ್ತು" ಎಂದರು. ಆಮೇಲೆ ದೋಹಾದ ಮೆಡಿಕಲ್ ಚೀಟಿಯನ್ನು ಎತ್ತಿ ಹಿಡಿದರು. "ಎದೆ ಶುದ್ಧವಾಗಿದೆ ಎಂದು ಬರೆದಿದ್ದಾರೆ, ನೋಡಿ. ಯಾರ ಎದೆ ನೋಡಿ ಬರೆದರೋ!"

ಅವರ ಎದುರಿಗೇ ಕೂತಿದ್ದೆ ನಾನು.

ಹೊರಡಲು ಎದ್ದಾಗ ಅವರು ಇನ್ನೊಂದು ಮಾತು ಹೇಳಿದರು. ಮೊದಲ ಎರಡು ದಿನ ನೀನು ಎಕ್ಸ್‌ರೇಗೆ ಒಪ್ಪಲೇ ಇಲ್ಲವಂತೆ. "ತಮ್ಮನಿಗೆ ತೊಂದರೆ ಆಗುತ್ತದೆ, ತಮ್ಮನಿಗೆ ತೊಂದರೆ ಆಗುತ್ತದೆ ಎನ್ನುತ್ತಿದ್ದ. ಜ್ವರಕ್ಕೆ ಬಡಬಡಿಸುತ್ತಿದ್ದಾನೆ ಅಂದುಕೊಂಡೆವು. ಹಡಗಿನಲ್ಲೂ ರಕ್ತ ಕಾರುವುದನ್ನು ಯಾರಿಗೂ ತೋರಿಸದೆ ಬಚ್ಚಿಟ್ಟಿದ್ದನಂತೆ."

ಯಾರು ಕೇಳಿದ್ದರು ನಿನ್ನನ್ನು? ಹೇಳು! ನನಗೇನಾಗುತ್ತಿತ್ತು? ಜೈಲು, ಹೆಚ್ಚೆಂದರೆ ಊರಿಗೆ ಅಟ್ಟುತ್ತಿದ್ದರು. ಮಲ್ಪೆಯಲ್ಲಿ ಬಲೆ ಎಳೆದು ಬದುಕುತ್ತಿದ್ದೆ. ರಕ್ತ ಕಾರುತ್ತಾ ನನ್ನನ್ನು ಕಾಪಾಡಿದೆಯಾ, ದೊಡ್ಡ ಮನುಷ್ಯಾ? ಸ್ಮಶಾನದಲ್ಲಿ, ಹುಲ್ಲು ಮುಚ್ಚಿದ ನಿನ್ನ ಗುಡ್ಡೆಯ ಮುಂದೆ ನಿಂತು ತುಳುವಿನಲ್ಲಿ ಬಾಯಿಗೆ ಬಂದ ಹಾಗೆ ಬೈದೆ. ಕಾವಲಿನವನು ಪ್ರಾರ್ಥನೆ ಎಂದುಕೊಂಡು ಟೋಪಿ ತೆಗೆದು ನಿಂತ. ಒಂದು ಹೂವೂ ಇಡಲಿಲ್ಲ ನಾನು. ಬೇಕಾಗಿಯೇ ಇಡಲಿಲ್ಲ.

ನಿನಗೆ ಗೊತ್ತಿಲ್ಲದ ಸುದ್ದಿ ಒಂದಿದೆ. ನೀನು ಹೋದ ಮೇಲೆ ತಂಗಿಯ ಗಂಡ ಸುಧಾಕರನೂ ದೋಹಾಕ್ಕೆ ಬಂದ. ನಾನು ಜಮೈಕಾದಿಂದ ಬಂದ ಮರುದಿನವೇ ರೂಮಿಗೆ ಬಂದು ಕೂತ, ಕೆಮ್ಮಿದ, ತಲೆ ಕೆರೆದ. ವೀಸಾ ನವೀಕರಣದ ಮೆಡಿಕಲ್ ಇದೆ, "ನೀವೊಮ್ಮೆ ನನ್ನ ಬದಲು ನಿಂತರೆ..." ಎಂದ. ಕಾಲರ್ ಹಿಡಿದು ಎಳೆದುಕೊಂಡು ಹೋಗಿ ಅವನನ್ನೇ ಯಂತ್ರದ ಮುಂದೆ ನಿಲ್ಲಿಸಿದೆ. ಕಲೆ ಇತ್ತು. ವೀಸಾ ಹೋಯಿತು. ಅಂದಿನಿಂದ ಅವನು ನನ್ನ ಮುಖ ನೋಡುವುದಿಲ್ಲ.

ನಿನ್ನೆ ಊರಿಗೆ ಫೋನ್ ಮಾಡಿದರೆ ತಂಗಿ ಕಿರುಚಿದಳು. "ನಮ್ಮ ಹೊಟ್ಟೆಯ ಮೇಲೆ ಹೊಡೆದೆಯಲ್ಲಾ! ದೊಡ್ಡಣ್ಣ ಇದ್ದಿದ್ದರೆ ಹೀಗೆ ಮಾಡ್ತಿದ್ದನಾ?" ಅಮ್ಮನಿಗೆ ಕೊಡು ಎಂದೆ. ಅಮ್ಮನಿಗೆ ಎಲ್ಲ ಹೇಳಿಬಿಟ್ಟೆ ಅಣ್ಣ. ಬಂಗುಡೆಯ ತುಂಡಿನಿಂದ ಹಿಡಿದು ನರ್ಸಿನ ಮಾತಿನವರೆಗೆ. ನಿಂತದ್ದು ನಾನು ಎಂದೆ. ಲೈನ್ ಕಟ್ಟಾಯಿತೇನೋ ಎಂದು ಎರಡು ಸಲ ಕರೆದೆ.

"ಸುಧಾಕರನ ವಿಮಾನ ಯಾವತ್ತು?" ಎಂದಳು ಅಮ್ಮ.

ಗುರುವಾರ ಎಂದೆ.

"ಬೇಗ ಕಳಿಸು. ಮಾತ್ರೆ ನಾನೇ ಕೈಯಾರೆ ನುಂಗಿಸ್ತೇನೆ."

ನಿನ್ನ ಹೆಸರನ್ನೂ ಎತ್ತಲಿಲ್ಲ, ನನ್ನ ಹೆಸರನ್ನೂ ಎತ್ತಲಿಲ್ಲ.

ನಿನ್ನ ತಮ್ಮ