ಪ್ರಾರ್ಥನೆಯ ಡಬ್ಬಿಯಲ್ಲಿ ನಿನ್ನ ಚೀಟಿ

ಸುಗಂಧಾ,

ನೀನು ಹೋಗಿ ನಾಲ್ಕು ತಿಂಗಳಾಯಿತು. ಇಂದು ಗೋಪನಕೊಪ್ಪದ ಮನೆಭೇಟಿಗೆ ಹೊರಡುವ ಮುನ್ನ, ಎಂದಿನಂತೆ ಮಿಷನ್ನಿನವರೆಲ್ಲ ಒಬ್ಬೊಬ್ಬರಿಗಾಗಿ ಪ್ರಾರ್ಥಿಸಲೆಂದು ಡಬ್ಬಿಯಿಂದ ರೋಗಿಗಳ ಹೆಸರಿನ ಚೀಟಿ ಎತ್ತಿದೆವು. ನನಗೆ ನಿನ್ನದು ಬಂತು. ನನ್ನದೇ ಅಕ್ಷರ: ‘ಸ್ಪೀಡಿ ರಿಕವರಿ’, ಬೇಗ ಗುಣವಾಗಲಿ ಅಂತ. ‘ಅರ್ಲಿ’ ಅನ್ನಬೇಕಿತ್ತೋ ಏನೋ, ಬಿ.ಎ. ಇಂಗ್ಲಿಷ್ ಅರ್ಧ ಹಾರಿಹೋಗಿದೆ. ನೀನು ತೀರಿದ ಮೇಲೆ ಆ ಚೀಟಿಯನ್ನು ಡಬ್ಬಿಯಿಂದ ತೆಗೆದುಹಾಕುವುದನ್ನು ಮರೆತಿದ್ದೆ. ಕಣ್ಣು ಮುಚ್ಚಿ, ನಿನಗೆ ಗುಣವಾಗಲೆಂದು ಜೋರಾಗಿಯೇ ಬೇಡಿದೆ. ಯಾರೂ ಆಮೆನ್ ಅನ್ನಲಿಲ್ಲ.

ನಮ್ಮ ಸ್ನೇಹಲ್ ಹೊರಗೆ ಬಂದು ಕೇಳಿದಳು, “ಅಪ್ಪಾ, ಅವ್ವ ಇದ್ದಾಗ ಒಂದಿನರ ಆಕಿ ಹಾಸಿಗಿ ಬಾಜೂಕ ಕುಂತು ಹಿಂಗ ಬೇಡಿದ್ರೇನ್ರಿ?”

“ಮಂದಿ ಕಾಯಾಕತ್ತಿದ್ರವಾ. ಡ್ಯೂಟಿ ಇತ್ತು” ಅಂದೆ.

ಆಮೇಲೆ ಗೋಪನಕೊಪ್ಪಕ್ಕೆ ಹೋದೆ. ಮುದುಕಿ ಅಮೀನಾಬಿಯ ಮಂಚದ ಪಕ್ಕ ಕುಳಿತು, ಅವಳ ಮೊಣಕಾಲಿಗಾಗಿ ಅರ್ಧ ತಾಸು ಪ್ರಾರ್ಥಿಸಿದೆ. ಅವಳಿಗೆ ಬಹಳ ಹಗುರವೆನಿಸಿತಂತೆ.